ಮೊದಲ ಏಟು ಬೆತ್ತದ ಮನೆಗೆ

ಗಿರಿಜಾಂಬಾ ಅವರ ಬೆನ್ನಿನ ಮೇಲೆ ಎರಡು ಕಾಲದ ಗಾಯದ ಗುರುತುಗಳಿವೆ. ಹಳೆಯವು ಗಂಡ ಹೊಡೆದದ್ದು, ಹೊಸವು ಮಗ ಹೊಡೆದದ್ದು. ಎರಡೂ ಬಿದ್ದದ್ದು ಒಂದೇ ಬೆತ್ತದಿಂದ, ಆ ಬೆತ್ತ ದೇವರದ್ದು. ನಾನು ಈ ಊರಿನ ಆಶಾ ಕಾರ್ಯಕರ್ತೆ ರಂಜಿತಾ. ಬಿ.ಪಿ. ನೋಡುವುದು, ಬಸುರಿಯರಿಗೆ ಮಾತ್ರೆ ಕೊಡುವುದು, ಮಕ್ಕಳ ಬಾಯಿಗೆ ಪೋಲಿಯೋ ಹನಿ ಹಾಕುವುದು ನನ್ನ ಕೆಲಸ. ದೇವರು ಹೊಡೆದ ಗಾಯಕ್ಕೆ ಏನು ಹಚ್ಚಬೇಕೆಂದು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ನಾನೇ ಕಲಿತುಕೊಂಡೆ, ಕಲಿಯುವಷ್ಟು ಅವಕಾಶ ಆ ಮನೆಯವರು ಕೊಟ್ಟರು.

ನಮ್ಮ ಸಂಪಿಗೆಹಡ್ಲು ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ರಸ್ತೆಯಿಂದ ಒಳಗೆ ಇಳಿದರೆ ಸಿಗುವ ಊರು. ಸುತ್ತ ಕಾಫಿ ತೋಟ, ನಡುವೆ ಒಂದು ವೀರಭದ್ರನ ಗುಡಿ. ಗುಡಿಯ ದೇವರಿಗೆ ಒಂದು ನಾಗಬೆತ್ತವಿದೆ. ಅದು ಗುಡಿಯಲ್ಲಿ ಇರುವುದಿಲ್ಲ, ಊರಿನ ಒಂದೇ ಒಂದು ಮನೆಯ ದೇವರಕೋಣೆಯಲ್ಲಿ ಇರುತ್ತದೆ. ಆ ಮನೆಗೆ ಬೆತ್ತದ ಮನೆ ಎಂದೇ ಹೆಸರು. ಕಳವಾದರೆ, ಗಡಿ ಕಲ್ಲು ಸರಿದರೆ, ಯಾರಾದರೂ ಸುಳ್ಳು ಆಣೆ ಮಾಡಿದರೆ ಜನ ದೇವರಿಗೆ ದೂರು ಕೊಡುತ್ತಾರೆ. ಆಗ ಬೆತ್ತ ಹೊರಗೆ ಬರುತ್ತದೆ. ಹಿಡಿಯುವ ಹಕ್ಕು ಆ ಮನೆಯ ಗಂಡಸಿಗೆ ಮಾತ್ರ. ತಪ್ಪು ಒಪ್ಪಿದವನಿಗೆ ಮೂರು ಏಟು, ಒಪ್ಪದವನಿಗೆ ಒಪ್ಪುವ ತನಕ. ಪೊಲೀಸ್ ಠಾಣೆ ಇದೆ, ಕೋರ್ಟ್ ಇದೆ, ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಆದರೂ ಬೆತ್ತ ಹೊರಟಿತು ಅಂದರೆ ಊರಿನ ಗಂಡಸರೆಲ್ಲ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದು ಹೊರಡುತ್ತಾರೆ.

ನಾನು ಈ ಊರಿಗೆ ಸೊಸೆಯಾಗಿ ಬಂದಾಗ ಗಿರಿಜಾಂಬಾ ಅವರ ಅತ್ತೆ ಬಸಮ್ಮ ಇನ್ನೂ ಬದುಕಿದ್ದರು. ಹಾಸಿಗೆ ಹಿಡಿದಿದ್ದರು, ನಾಲಿಗೆ ಮಾತ್ರ ಎದ್ದು ಓಡಾಡುತ್ತಿತ್ತು. ಬಿ.ಪಿ. ನೋಡಲು ಹೋದಾಗ ಒಂದು ದಿನ ಕೇಳಿಯೇಬಿಟ್ಟೆ. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ.

"ಅಲ್ಲ ಬಸಮ್ಮನೋರೆ, ಶಿವ ಅಂದ್ರೆ ಎಲ್ರಿಗೂ ಸೇರಿದೋನು ಅಂತೀರಿ. ಹುಳಕ್ಕೂ ಅವನೇ, ಹುಲಿಗೂ ಅವನೇ. ಹಂಗಿದ್ದೋನು ಇಷ್ಟು ದೊಡ್ಡ ಪ್ರಪಂಚದಲ್ಲಿ ನಿಮ್ಮನೇನೇ ಯಾಕೆ ಹುಡುಕ್ಕೊಂಡು ಬಂದ?"

"ದಾರೀಲಿ ಹೋಗ್ತಿದ್ನೇನೋ, ನಮ್ಮನೆ ಬಾಗ್ಲು ತೆಗ್ದಿತ್ತೇನೋ, ಯಾರಿಗ್ಗೊತ್ತು ಮಾರಾಯ್ತಿ" ಎಂದರು ಬಸಮ್ಮ. ಆಮೇಲೆ, "ನೀನು ನನ್ನ ಮಾವನ ಬೆನ್ನು ನೋಡಿದ್ರೆ ಇದನ್ನ ಕೇಳ್ತಾ ಇರ್ಲಿಲ್ಲ" ಎಂದರು.

ಅವರು ಹೇಳಿದ್ದು ಇಷ್ಟು. ಹಿಂದೆ ಬೆತ್ತ ಹೊರಗೆ ಬಂದರೆ ಮೊದಲ ಏಟು ಬೆತ್ತದ ಮನೆಯವರಿಗೇ ಬೀಳಬೇಕಿತ್ತು. ಅಪರಾಧಿಗೆ ಎಷ್ಟು ಏಟೋ ಅಷ್ಟನ್ನು ಮೊದಲು ಮನೆಯ ಯಜಮಾನ ತನ್ನ ಬೆನ್ನಿಗೆ ತೆಗೆದುಕೊಳ್ಳಬೇಕು, ಹೊಡೆಯುವವನು ಅವನ ಮಗನೋ ತಮ್ಮನೋ ಆಗಿರಬೇಕು. ಆಮೇಲೆಯೇ ಬೇರೆಯವರ ಮೈ ಮುಟ್ಟುವ ಅಧಿಕಾರ. ಬಸಮ್ಮನ ಮಾವನ ಬೆನ್ನು ಹೀಗಾಗಿಯೇ ಉಳುಮೆ ಮಾಡಿದ ಗದ್ದೆಯಂತಿತ್ತಂತೆ. ಅದರಿಂದ ಬೆತ್ತ ಹೊರಗೆ ಬರುವುದೇ ಅಪರೂಪವಾಗಿತ್ತು. ಬಸಮ್ಮನ ಗಂಡನ ಕಾಲಕ್ಕೆ ಗಂಡಸರು ಬುದ್ಧಿವಂತರಾದರು. ಯಾರೋ ಶಾಸ್ತ್ರಿಗಳನ್ನು ಕೇಳಿ, ಮನೆಯವರ ಬದಲು ಮನೆಯ ಹೊಸ್ತಿಲಿಗೆ ಹೊಡೆದರೂ ನಡೆಯುತ್ತದೆ ಎಂದು ಮಾಡಿಕೊಂಡರು. ಅಂದಿನಿಂದ ಮೊದಲ ಏಟು ಹಲಸಿನ ಹೊಸ್ತಿಲಿಗೆ ಬೀಳುತ್ತಿದೆ. ಬೆತ್ತವೂ ವರ್ಷಕ್ಕೆ ನಾಲ್ಕು ಸಲ ಹೊರಗೆ ಬರಲು ಶುರುವಾಯಿತು.

ಗಿರಿಜಾಂಬಾ ತರೀಕೆರೆ ಕಡೆಯವರು. ಅಂಗಡಿ ಇಟ್ಟಿದ್ದ ಮನೆಯ ಹುಡುಗಿ, ಅಳತೆ ತೂಕ ಸರಿ ಇರಬೇಕು ಎಂದು ಬೆಳೆದವರು. ದೇವರು ಆರಿಸಿಕೊಂಡ ಮನೆ ಎಂದು ಹೇಳಿ ಮದುವೆ ಮಾಡಿ ಕಳಿಸಿದರು. ಗಂಡ ಮಲ್ಲಿಕಾರ್ಜುನಪ್ಪನಿಗೆ ಆ ಆರಿಸಿಕೊಂಡದ್ದು ತಲೆಗೇ ಏರಿತ್ತು. ಪಂಚಾಯಿತಿ ಕಟ್ಟೆಯಲ್ಲಿ ಕುಳಿತು, "ದೇವ್ರು ಎಲ್ರಿಗೂ ಅಪ್ಪನೇ. ಆದ್ರೆ ಹಿರೀಮಗ ನಾವು" ಎನ್ನುತ್ತಿದ್ದ. ಬಸ್ಸಿನಲ್ಲಿ ಸೀಟು ಬಿಡದವನಿಗೆ, ಸಾಲದ ಸೀಮೆಎಣ್ಣೆ ಕೊಡದ ಅಂಗಡಿಯವನಿಗೆ, ಸಾರಿಗೆ ಉಪ್ಪು ಹೆಚ್ಚಾದ ದಿನ ಹೆಂಡತಿಗೆ, ಎಲ್ಲರಿಗೂ ಅವನು ಹಿರಿಮಗನೇ. ಮನುಷ್ಯ ಸತ್ತಮೇಲೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಅವನು ಬದುಕಿದ್ದಾಗಲೇ ನಾನು ಸಾಕಷ್ಟು ಆಡಿದ್ದೇನೆ, ಹಾಗಾಗಿ ಈಗ ಮುಂದುವರಿಸಿದರೆ ತಪ್ಪಿಲ್ಲ.

ಕಲ್ಲೇಶನ ವಿಷಯ ಆದದ್ದು ನಾನು ಆಶಾ ಆದ ಹೊಸದರಲ್ಲಿ. ಕಲ್ಲೇಶ್ ಕಾಫಿ ಕೊಯ್ಯಲು ಬಂದು ಕೂಲಿ ಲೈನಿನ ಸಾಲುಮನೆಯಲ್ಲಿ ಇಳಿದುಕೊಂಡಿದ್ದ ಆಳು. ಗುಡಿಯ ಗಂಟೆ ಕಾಣೆಯಾಯಿತು, ಹಿಂದಿನ ದಿನ ಗುಡಿಯ ಹತ್ತಿರ ಬೀಡಿ ಸೇದುತ್ತಿದ್ದವನು ಅವನು. ಅಷ್ಟೇ ಸಾಕಾಯಿತು. ಮಲ್ಲಿಕಾರ್ಜುನಪ್ಪ ಹೊಸ್ತಿಲಿಗೆ ಒಂದು ಏಟು ಹಾಕಿ, ಶಾಲು ಹೊದ್ದು, ಮೆರವಣಿಗೆಯಲ್ಲಿ ಬಂದ. ಕಲ್ಲೇಶ್ ಒಪ್ಪಲಿಲ್ಲ. ಒಪ್ಪಲು ಅವನು ಕದ್ದಿರಲಿಲ್ಲ. ಬೆನ್ನು ಹರಿಯಿತು, ತೋಳು ಹರಿಯಿತು. ಅವನು ಮುಖ ತಿರುಗಿಸಿ ಏನೋ ಹೇಳಲು ಹೋದಾಗ ಬೆತ್ತದ ತುದಿ ಎಡಗಣ್ಣಿಗೆ ಬಡಿಯಿತು. ಅವನ ಕೆನ್ನೆಯ ಮೇಲೆ ಇಳಿದದ್ದು ರಕ್ತ ಮಾತ್ರ ಆಗಿರಲಿಲ್ಲ. ಊರಿನವರು "ವೀರಭದ್ರ" ಎಂದು ಕೂಗಿದರು. ನನ್ನ ಕೈಚೀಲದಲ್ಲಿ ಇದ್ದದ್ದು ಹತ್ತಿ ಮತ್ತು ಜ್ವರದ ಮಾತ್ರೆ.

ಮಳೆಗಾಲಕ್ಕೆ ಮುಂಚೆ ಗುಡಿಯ ಹಿಂದಿನ ಚರಂಡಿ ಬಿಡಿಸುವಾಗ ಗಂಟೆ ಸಿಕ್ಕಿತು. ಸರಪಳಿ ತುಕ್ಕು ಹಿಡಿದು ತಾನೇ ಕಳಚಿ ಬಿದ್ದಿತ್ತು. ಕಲ್ಲೇಶ್ ಅಷ್ಟರಲ್ಲಿ ಒಂದು ಕಣ್ಣನ್ನು ಇಲ್ಲೇ ಬಿಟ್ಟು ತನ್ನ ಊರಿಗೆ ಹೋಗಿಯಾಗಿತ್ತು. "ದೇವ್ರು ತಪ್ಪು ಮಾಡಲ್ಲ, ಅವನು ಇನ್ನೆಂಥದೋ ಮಾಡಿರ್ತಾನೆ" ಎಂದ ಮಲ್ಲಿಕಾರ್ಜುನಪ್ಪ. ಆ ದಿನ ಗಿರಿಜಾಂಬಾ ಊಟ ಬಡಿಸುತ್ತಾ, "ಮೊದ್ಲ ಏಟು ನಿಮ್ಗೆ ಬಿದ್ದಿದ್ರೆ ಎರಡನೇದಕ್ಕೇ ಕೈ ನಿಲ್ತಿತ್ತಲ್ಲ ರೀ" ಎಂದರಂತೆ. ಮರುದಿನ ಬೆಳಿಗ್ಗೆ ನಾನು ಹೋದಾಗ ಅವರು ರವಿಕೆ ತೊಡಲಾಗದೆ ಗೋಡೆಗೆ ಮುಖ ಮಾಡಿ ಕೂತಿದ್ದರು. ಬೆನ್ನಿನ ತುಂಬ ಬಾಸುಂಡೆ, ಬಲಗೈ ಮಣಿಕಟ್ಟು ಮುರಿದಿತ್ತು. ಹಚ್ಚಿದ ಮುಲಾಮಿಗೆ ಅವರು ಸಣ್ಣ ಸದ್ದೂ ಮಾಡಲಿಲ್ಲ. ನಾನು ಮಾಡಿದೆ, ಬೈಗುಳದ ಸದ್ದು. ಪಕ್ಕದ ಕೋಣೆಯಿಂದ ಬಸಮ್ಮ, "ಇನ್ನೊಂಚೂರು ಜೋರಾಗಿ ಬಯ್ಯಿ, ಅವ್ನಿಗೆ ಕೇಳ್ಲಿ" ಎಂದರು. ಅದೇ ವರ್ಷ ಬಸಮ್ಮ ತೀರಿಕೊಂಡರು.

ಮಲ್ಲಿಕಾರ್ಜುನಪ್ಪ ಸತ್ತದ್ದನ್ನು ಊರು ಒಂದು ಥರ ಹೇಳುತ್ತದೆ, ನಾನು ಇನ್ನೊಂದು ಥರ ಹೇಳುತ್ತೇನೆ. ಆಗ ನಮ್ಮ ಕಡೆ ಒಂಟಿಸಲಗವೊಂದು ಓಡಾಡುತ್ತಿತ್ತು. ಆನೆ ಎಲ್ಲಿದೆ ಎಂದು ಅರಣ್ಯದವರು ವಾಟ್ಸಾಪಿನಲ್ಲಿ ಹಾಕುತ್ತಾರೆ, ಆ ದಿನ ತೋಟಕ್ಕೆ ಯಾರೂ ಇಳಿಯುವುದಿಲ್ಲ. ಇವನು ಸಂದೇಶ ಓದಿ, ಎದ್ದು, ಬೆತ್ತ ತೆಗೆದುಕೊಂಡು ಹೊರಟ. "ನಮ್ಮನೆಯೋರನ್ನ ಅದು ಮುಟ್ಟಲ್ಲ" ಎಂದು ಗಿರಿಜಾಂಬಾಗೆ ಹೇಳಿದ್ದು ಅವನ ಕೊನೆಯ ಮಾತು. ಆನೆಗೆ ಯಾವ ಮನೆ ಯಾವುದೆಂದು ಯಾರೂ ಹೇಳಿರಲಿಲ್ಲ. ಕಾಫಿ ಗಿಡಗಳ ನಡುವೆ ಅವನನ್ನು ಸೊಂಡಿಲಿನಿಂದ ಎಳೆದು, ಕಾಲಲ್ಲಿ ಒತ್ತಿ, ಮತ್ತೆ ಎತ್ತಿ ಸಿಲ್ವರ್ ಓಕ್ ಮರಕ್ಕೆ ಬಡಿದಿತ್ತು. ಕಣದಲ್ಲಿ ಕಾಫಿ ಒಣಗಿಸುವ ಟಾರ್ಪಾಲಿನಲ್ಲಿ ತುಂಬಿ ತಂದರು. ಹೊರಲು ಇಬ್ಬರು ಸಾಕಾದರು. ಬೆತ್ತ ಮಾತ್ರ ಒಂದು ಗೀರೂ ಇಲ್ಲದೆ ಪಕ್ಕದಲ್ಲಿ ಬಿದ್ದಿತ್ತು. ಊರು ಹೇಳುವುದು ಆ ಬೆತ್ತದ ಕಥೆ. ಆನೆ ತುಳಿದರೂ ಬೆತ್ತಕ್ಕೆ ಏನೂ ಆಗಲಿಲ್ಲ, ಎಂಥ ಶಕ್ತಿ ನೋಡಿ! ಟಾರ್ಪಾಲಿನಲ್ಲಿದ್ದವನ ಬಗ್ಗೆ ಆ ಕಥೆಯಲ್ಲಿ ಒಂದು ಮಾತೂ ಇಲ್ಲ.

ಬೆತ್ತ ಮಗ ಶಶಿಕಿರಣನ ಕೈಗೆ ಬಂತು. ಹುಡುಗ ಕೆಟ್ಟವನಾಗಿರಲಿಲ್ಲ. ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ತೋಟ ನೋಡಿಕೊಳ್ಳುತ್ತಿದ್ದ, ಅಮ್ಮನಿಗೆ ಸ್ನಾನದ ನೀರಿಗೆ ಸೌದೆ ತಾನೇ ಒಡೆದುಕೊಡುತ್ತಿದ್ದ. ಆದರೆ ಊರಿನ ಹಿರಿಯರು ಅವನನ್ನು ಕಂಡರೆ ಎದ್ದು ನಿಲ್ಲಲು ಶುರುಮಾಡಿದರು. ಇಪ್ಪತ್ತನಾಲ್ಕರ ಹುಡುಗನ ಎದುರು ಅರವತ್ತರವರು ಎದ್ದು ನಿಂತರೆ ಏನಾಗಬೇಕೋ ಅದೇ ಆಯಿತು. ವರ್ಷ ಕಳೆಯುವುದರಲ್ಲಿ ಅವನೂ ಅಪ್ಪನ ಹಾಗೆ ಎದೆ ಮುಂದೆ ಮಾಡಿ ನಡೆಯತೊಡಗಿದ. ಗಿರಿಜಾಂಬಾ ಅದನ್ನು ನೋಡುತ್ತಿದ್ದರು. ಒಮ್ಮೆ ನನ್ನ ಹತ್ತಿರ, "ಇವನೊಬ್ನು ಮನುಷ್ಯನಾಗಿ ಉಳಿದ್ರೆ ಸಾಕು ಕಣೆ ರಂಜಿ, ನಂಗೆ ಬೇರೆ ಎಂಥದೂ ಬೇಡ" ಎಂದಿದ್ದರು. ಅವರಿಗೆ ಆ ಒಂದೇ ಆಸೆ ಇತ್ತು. ಮನೆ, ತೋಟ, ಬೆತ್ತ ಯಾವುದೂ ಅವರಿಗೆ ಬೇಕಿರಲಿಲ್ಲ.

ಮುಖ್ಯರಸ್ತೆಯ ತಿರುವಿನಲ್ಲಿ ಹಬೀಬುರ್ರಹ್ಮಾನ್ ಅವರ ಜೀಪ್ ಗ್ಯಾರೇಜ್ ಇದೆ. ಹೆಂಡತಿ ಜೊಹರಾ ಅವರಿಗೆ ಸಕ್ಕರೆ ಕಾಯಿಲೆ, ನಾನು ವಾರಕ್ಕೊಮ್ಮೆ ಹೋಗುತ್ತೇನೆ. ಬೆತ್ತದ ಮನೆಯ ಸುದ್ದಿ ಬಂದಾಗ ಜೊಹರಾ ನಕ್ಕು, "ನಮ್ಮವ್ರೂ ಹಂಗೇ ಹೇಳ್ತಾರೆ ಬಿಡಮ್ಮ, ದೇವ್ರು ಎಲ್ರಿಗೂ ಒಬ್ನೇ, ಆದ್ರೆ ನಾವು ಅಂದ್ರೆ ಅವನಿಗೆ ವಿಶೇಷ ಅಂತ. ಹಂಗಂತ ನಮ್ಮನೆ ಗ್ಯಾಸ್ ಸಿಲಿಂಡರೇನೂ ಮೊದ್ಲು ಬರಲ್ಲ" ಎನ್ನುತ್ತಿದ್ದರು. ಅವರ ಮಗ ಅಸದ್ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ. ಜೀಪು, ಪಂಪು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ, ಯಾವುದು ಕೆಟ್ಟರೂ ಅವನೇ. ಕೈ ಚುರುಕು, ಮಾತು ಸುಳ್ಳು. ನಾಳೆ ಕೊಡ್ತೀನಿ ಅಂದ ಮೋಟಾರನ್ನು ಮುಂದಿನ ತಿಂಗಳು ಕೊಡುವವನು. ಗಿರಿಜಾಂಬಾ ಅವರ ನೀರಿನ ಮೋಟಾರನ್ನೂ ಹಾಗೇ ಸತಾಯಿಸಿ ಅವರಿಂದ ಸರಿಯಾಗಿ ಬೈಸಿಕೊಂಡಿದ್ದ. ಅವರಿಗೆ ಅವನ ಮೇಲೆ ವಿಶೇಷ ಪ್ರೀತಿ ಏನೂ ಇರಲಿಲ್ಲ ಎಂದು ಹೇಳಲಷ್ಟೇ ಇದನ್ನು ಹೇಳಿದೆ.

ಕಾಫಿ ಬೆಲೆ ಆಕಾಶಕ್ಕೆ ಏರಿದ ವರ್ಷ ಅದು. ಎಲ್ಲ ಕಡೆ ಕಳ್ಳತನ. ಜನ ಕಣದಲ್ಲೇ ಮಲಗುತ್ತಿದ್ದರು, ಬೆಳೆಗಾರರು ಕ್ಯಾಮೆರಾ ಹಾಕಿಸಿದ್ದರು. ಜನವರಿಯ ಒಂದು ಬೆಳಿಗ್ಗೆ ನಮ್ಮೂರಿನ ದೊಡ್ಡ ಬೆಳೆಗಾರ ವಿಶ್ವನಾಥ್ ಅವರ ಕಣದಿಂದ ಪಾರ್ಚ್‌ಮೆಂಟ್ ಮೂಟೆಗಳು ಹೋಗಿದ್ದವು. ಸಿಪ್ಪೆ ಸುಲಿದು, ತೊಳೆದು, ಒಣಗಿಸಿದ ಕಾಫಿ, ವರ್ಷದ ದುಡಿಮೆ. ಕದ್ದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಆ ಬೆಳಿಗ್ಗೆ ತೋಟದ ರಸ್ತೆಯಲ್ಲಿ ಸಿಕ್ಕವನು ಅಸದ್. ಪಲ್ಪರಿನ ಮೋಟಾರು ರಿಪೇರಿ ಮಾಡಿ ಜೀಪಿನಲ್ಲಿ ತರುತ್ತಿದ್ದ. ಜೀವನದಲ್ಲಿ ಒಮ್ಮೆ ಹೇಳಿದ ದಿನಕ್ಕೆ ಸರಿಯಾಗಿ ಕೆಲಸ ಮುಗಿಸಿದ್ದ. ಬರಹೇಳಿದ್ದ, ತೋಟದ ಲೆಕ್ಕ ಬರೆಯುವ ರೈಟರ್ ಚಿಕ್ಕಮಗಳೂರಿಗೆ ಹೋಗಿದ್ದ, ಅವನ ಫೋನು ಸಿಗಲಿಲ್ಲ. ವಿಶ್ವನಾಥ್ ಅವರಿಗೆ ಮೋಟಾರಿನ ವಿಷಯವೇ ಗೊತ್ತಿರಲಿಲ್ಲ.

ನಾನು ಕೂಲಿ ಲೈನಿಗೆ ಹೊರಟವಳು ಗದ್ದಲ ಕೇಳಿ ಸ್ಕೂಟಿ ತಿರುಗಿಸಿದೆ. ಬಿಸಿಲು ಇನ್ನೂ ಕಣಕ್ಕೆ ಇಳಿದಿರಲಿಲ್ಲ. ಅಸದನನ್ನು ಸಿಲ್ವರ್ ಓಕ್ ಮರಕ್ಕೆ ಮೆಣಸು ಕೊಯ್ಯುವ ಏಣಿಯ ಹಗ್ಗದಿಂದ ಕಟ್ಟಿದ್ದರು. ಶರ್ಟ್ ಇರಲಿಲ್ಲ. ಒಂದು ಕಿವಿಯಿಂದ ರಕ್ತ ಕುತ್ತಿಗೆಗೆ ಇಳಿದು ಎದೆಯ ಕೂದಲಿನಲ್ಲಿ ಹೆಪ್ಪುಗಟ್ಟಿತ್ತು. ಬಾಯಿ ಎಲ್ಲಿ ಮುಗಿದು ತುಟಿ ಎಲ್ಲಿ ಶುರುವಾಗಿದೆ ಎಂದು ತಿಳಿಯುತ್ತಿರಲಿಲ್ಲ. ಕಾಫಿ ರೆಂಬೆ, ಬೂಟು ಕಾಲು, ಕತ್ತಿಯ ಹಿಡಿ, ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಿದ್ದರು. ಒಬ್ಬ ಅವನ ಬೆರಳುಗಳನ್ನು ಕಲ್ಲಿನ ಮೇಲಿಟ್ಟು ಮೆಟ್ಟಿದ, ಮೆಕ್ಯಾನಿಕ್ಕಿನ ಬೆರಳುಗಳನ್ನು! ಹೊಡೆಯುವವರಲ್ಲಿ ನಾನು ಪೋಲಿಯೋ ಹನಿ ಹಾಕಿದ ಹುಡುಗರಿದ್ದರು, ನಾನು ಬಿ.ಪಿ. ನೋಡುವ ಮುದುಕರಿದ್ದರು. ನಾನು ನಡುವೆ ನುಗ್ಗಿದೆ. ಒಬ್ಬ ನನ್ನನ್ನು ಹಿಡಿದು ತಳ್ಳಿದ, ಮೊಣಕೈ ತರಚಿತು. ಪೊಲೀಸರಿಗೆ ಫೋನು ಮಾಡಲು ನೆಟ್‌ವರ್ಕ್ ಇರಲಿಲ್ಲ.

"ಇವನು ನಮಗೆ ಬಾಯಿ ಬಿಡಲ್ಲ. ಬೆತ್ತ ತರ್ಸಿ" ಎಂದು ಒಬ್ಬ ಕೂಗಿದ. ಆ ಮಾತಿಗೆ ಎಲ್ಲರಿಗೂ ಹೊಸ ಉತ್ಸಾಹ ಬಂತು. ಅಲ್ಲೇ ನಿಂತಿದ್ದ ಶಶಿಕಿರಣ್ ಬೈಕು ಹತ್ತಿದ. ಅವನ ಮುಖದಲ್ಲಿ ನಾನು ಕಂಡದ್ದು ಸಿಟ್ಟಲ್ಲ, ಸಂತೋಷ. ಬೆತ್ತ ಬಂದರೆ ಅಸದ್ ಉಳಿಯುವುದಿಲ್ಲ ಎಂದು ನನಗೆ ಖಚಿತವಾಗಿತ್ತು. ಆರೋಗ್ಯವಂತ ಕಲ್ಲೇಶನ ಒಂದು ಕಣ್ಣನ್ನೇ ಅದು ತೆಗೆದಿತ್ತು, ಇವನು ಆಗಲೇ ಅರ್ಧ ಸತ್ತಿದ್ದ.

ನಾನು ಸ್ಕೂಟಿಯಲ್ಲಿ ಬೆತ್ತದ ಮನೆ ಮುಟ್ಟುವಷ್ಟರಲ್ಲಿ ಅವನು ಹೊಸ್ತಿಲಿಗೆ ಒಂದು ಏಟು ಹಾಕಿ ಹೊರಟೇ ಬಿಟ್ಟಿದ್ದ. ಗಿರಿಜಾಂಬಾ ಹಿತ್ತಿಲಿನಲ್ಲಿ ಪಾತ್ರೆ ಬೆಳಗುತ್ತಿದ್ದವರು ಸದ್ದು ಕೇಳಿ ಒಳಗೆ ಬಂದಿದ್ದರು. ನಡೆದದ್ದನ್ನು ಹೇಳಿದೆ. ಬೂದಿ ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಸ್ಕೂಟಿಯ ಹಿಂದೆ ಕೂತರು. ದಾರಿಯಲ್ಲಿ ಒಮ್ಮೆ ಮಾತ್ರ, "ಬದುಕಿದ್ದಾನಾ?" ಎಂದರು. ಈಗ ಇದ್ದಾನೆ ಎಂದೆ. "ಬೇಗ ಹೋಗು" ಎಂದರು.

ಶಶಿಕಿರಣ್ ಆಗಲೇ ಶಾಲು ಹೊದ್ದು ನಿಂತಿದ್ದ. ಜನ ವೃತ್ತ ಮಾಡಿ ಜಾಗ ಬಿಟ್ಟಿದ್ದರು. ಗಿರಿಜಾಂಬಾ ಆ ವೃತ್ತದೊಳಗೆ ನಡೆದು ಹೋಗಿ ಅಸದ್ ಮತ್ತು ಮಗನ ನಡುವೆ ನಿಂತರು. ಯಾರೂ ತಡೆಯಲಿಲ್ಲ. ಬೆತ್ತದ ಮನೆಯ ಹೆಂಗಸನ್ನು ತಳ್ಳುವುದು ಹೇಗೆಂದು ಯಾರಿಗೂ ಅಭ್ಯಾಸವಿರಲಿಲ್ಲ.

"ಅಮ್ಮ, ನೀನು ಮನೆಗೆ ಹೋಗು" ಎಂದ ಶಶಿಕಿರಣ್.

"ಹೋಗ್ತೀನಿ. ಮೊದ್ಲ ಏಟು ಯಾರಿಗೆ ಬಿತ್ತು?"

"ಹೊಸ್ತಿಲಿಗೆ ಹೊಡ್ದೇ ಬಂದಿದ್ದೀನಿ."

"ಹೊಸ್ತಿಲಿಗೆ ರಕ್ತ ಬಂತಾ?"

ಗಿರಿಜಾಂಬಾ ಜನರ ಕಡೆ ತಿರುಗಿದರು. "ದೇವ್ರ ಬೆತ್ತ ತರ್ಸಿದ್ದೀರಿ. ದೇವ್ರ ಕ್ರಮಾನೂ ನಡೀಲಿ. ಇವನಿಗೆ ಎಷ್ಟು ಬಿದ್ದಿದೆಯೋ ಅಷ್ಟು ಮೊದ್ಲು ನಮ್ಮನೆಗೆ ಬೀಳ್ಬೇಕು. ನೀನೆಷ್ಟು ಹೊಡ್ದೆ ಕುಮಾರ್? ನೀವೆಷ್ಟು ಹೊಡೆದ್ರಿ ವಿಶ್ವನಾಥಣ್ಣ?"

ಲೆಕ್ಕ ಇಟ್ಟು ಹೊಡೆದವರು ಅಲ್ಲಿ ಯಾರೂ ಇರಲಿಲ್ಲ. "ಹಂಗಾದ್ರೆ ಗೊತ್ತಾಗೋ ತನಕ ಹೊಡೀಲಿ" ಎಂದು ಅವರು ಸೆರಗನ್ನು ಮುಂದೆ ಎಳೆದು ಸೊಂಟಕ್ಕೆ ಸಿಕ್ಕಿಸಿ, ಅಸದ್ ಇದ್ದ ಮರಕ್ಕೇ ಎರಡು ಕೈ ಕೊಟ್ಟು, ಮಗನಿಗೆ ಬೆನ್ನು ತಿರುಗಿಸಿ ನಿಂತರು.

ಶಶಿಕಿರಣ್ ಸಿಕ್ಕಿಬಿದ್ದಿದ್ದ. ಹೊಡೆಯದಿದ್ದರೆ ಬೆತ್ತ ಕೆಳಗಿಡಬೇಕು, ಊರಿನ ಎದುರು ಬೆತ್ತದ ಮನೆ ಉಳಿಯುವುದಿಲ್ಲ. ಹೊಡೆದರೆ ಅಮ್ಮ. ಅವನು ಬೆತ್ತವನ್ನು ಬೆನ್ನಿಗೆ ಮುಟ್ಟಿಸಿದ ಹಾಗೆ ಮಾಡಿದ.

"ಇವನಿಗೂ ಹಿಂಗೇ ಹೊಡೆದ್ರಾ?" ಎಂದರು ಗಿರಿಜಾಂಬಾ, ತಿರುಗದೆ.

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಆ ನಗುವೇ ಅವನನ್ನು ಹಾಳು ಮಾಡಿತು. ಎರಡನೆಯ ಏಟು ನಿಜವಾಗಿ ಬಿತ್ತು. ಕಲ್ಲಿಗೆ ಒದ್ದೆ ಬಟ್ಟೆ ಒಗೆದ ಸದ್ದು. ಗಿರಿಜಾಂಬಾ ಅವರ ಮೊಣಕಾಲು ಬಾಗಿತು, ಮತ್ತೆ ನೆಟ್ಟಗಾಯಿತು. ಮೂರನೆಯದಕ್ಕೆ ರವಿಕೆ ಹರಿಯಿತು, ನಾಲ್ಕನೆಯದಕ್ಕೆ ಹಳೆಯ ಗಾಯದ ಗೆರೆಯ ಮೇಲೇ ಚರ್ಮ ಬಿರಿಯಿತು. ಅಲ್ಲಿಗೆ ನಿಲ್ಲುತ್ತಾನೆ ಎಂದುಕೊಂಡೆ. ನಿಲ್ಲಲಿಲ್ಲ. ಅವನು ಅಳುತ್ತಿದ್ದ, ಮೂಗು ಸೋರುತ್ತಿತ್ತು, "ಯಾಕಮ್ಮ ಬಂದೆ, ಯಾಕೆ ಬಂದೆ ನೀನು" ಎಂದು ಕಿರುಚುತ್ತಾ ಹೊಡೆಯುತ್ತಿದ್ದ. ನಾನು ಆ ಕೈಯನ್ನು ಬಲ್ಲೆ. ಅದು ಮಲ್ಲಿಕಾರ್ಜುನಪ್ಪನ ಕೈ, ಮೇಲೆ ಹೋಗಿ ಒಂದು ಕ್ಷಣ ನಿಂತು ಇಳಿಯುವ ಅದೇ ರೀತಿ. ನನಗೆ ಅಷ್ಟು ಹೆದರಿಕೆ ಜೀವಮಾನದಲ್ಲಿ ಆಗಿರಲಿಲ್ಲ. ರಕ್ತ ಸೀರೆಯ ಗಂಟಿನಲ್ಲಿ ಇಂಗಿ ಕಾಲ ಮೇಲೆ ಇಳಿಯಿತು. ಅವರು ಕಚ್ಚಿಕೊಂಡದ್ದು ತಮ್ಮದೇ ತೋಳನ್ನು. ಅದರ ಪಕ್ಕದಲ್ಲೇ ಅಸದನ ತಲೆ ಇತ್ತು. ಅವನು ಒಂದು ಕಣ್ಣು ತೆರೆದು ಅವರನ್ನೇ ನೋಡುತ್ತಿದ್ದ.

"ಸಾಕು! ಸಾಕು ಮಾರಾಯ!" ಎಂದು ಕೂಗಿದವರು ವಿಶ್ವನಾಥ್. ಆಮೇಲೆ ಎಲ್ಲರೂ ಕೂಗಿದರು. ನಾಲ್ಕು ಜನ ಶಶಿಕಿರಣನನ್ನು ಹಿಂದಿನಿಂದ ತಬ್ಬಿ ಹಿಡಿದರು.

ಗಿರಿಜಾಂಬಾ ಮರ ಬಿಡಲಿಲ್ಲ. "ನಂಗೆ ಸಾಕು ಅಂತೀರಿ. ಇವನಿಗೆ ಸಾಕು ಅಂತ ಯಾಕೆ ಅನ್ಲಿಲ್ಲ? ಹಗ್ಗ ಬಿಚ್ಚಿ" ಎಂದರು. ಧ್ವನಿ ಇರಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು. ಹಗ್ಗ ಬಿಚ್ಚಿದ್ದು ಬೆರಳು ಮೆಟ್ಟಿದವನೇ. ಅಸದ್ ಮೂಟೆಯ ಹಾಗೆ ಕುಸಿದ. ಅವನ ಮೇಲೆ ಗಿರಿಜಾಂಬಾ ಕುಸಿದರು. ಇಬ್ಬರನ್ನೂ ಅವನದೇ ಜೀಪಿಗೆ ಹಾಕಿದೆವು, ಯಂತ್ರದ ಮೋಟಾರನ್ನು ಹಿಂದಿನಿಂದ ಕೆಳಗಿಳಿಸಿ.

ಅಸದ್ ಬದುಕಿದ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಒಂದು ಕಿವಿ ಕೇಳುವುದಿಲ್ಲ, ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಸ್ಪ್ಯಾನರನ್ನು ಎಡಗೈಯಲ್ಲಿ ಹಿಡಿಯಲು ಕಲಿತಿದ್ದಾನೆ. ಆದರೆ ಆ ಮಧ್ಯಾಹ್ನ ಅದು ಯಾರಿಗೂ ಗೊತ್ತಿರಲಿಲ್ಲ. ಮೂಡಿಗೆರೆ ಆಸ್ಪತ್ರೆಯ ವೈದ್ಯರು ತಲೆಯ ಒಳಗೆ ರಕ್ತ ಇರಬಹುದು ಎಂದು ಅವನನ್ನು ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಕಳಿಸಿದ್ದರು. ಜೊಹರಾ ಜೊತೆಗೆ ಹೋಗಿದ್ದರು. ಜಾಗ ಸಾಲದೆ ಹಬೀಬಣ್ಣ ಉಳಿದು, ವಾರ್ಡಿನ ಬಾಗಿಲ ಬಳಿ ನಿಂತಿದ್ದರು. ಒಳಗೆ ಬರಲಿಲ್ಲ, ಹೋಗಲೂ ಇಲ್ಲ.

ಗಿರಿಜಾಂಬಾ ಬೋರಲಾಗಿ ಮಲಗಿದ್ದರು. ಬೆನ್ನಿಗೆ ಹೊಲಿಗೆ ಹಾಕಿದ್ದರು, ನಾನು ಗ್ಲೂಕೋಸ್ ಬಾಟಲಿಯ ಪಕ್ಕ ಕೂತಿದ್ದೆ. ವಿಶ್ವನಾಥ್ ಒಳಗೆ ಬಂದು ಕೈ ಮುಗಿದರು.

"ಅಕ್ಕ, ಪೊಲೀಸ್ರು ಬರ್ತಾರೆ. ಗುಂಪಲ್ಲಿ ಯಾರು ಹೊಡೆದ್ರು ಗೊತ್ತಾಗ್ಲಿಲ್ಲ ಅಂದ್ಬಿಡಿ. ಇಲ್ದಿದ್ರೆ ಶಶಿ ಹೆಸ್ರೂ ಬರುತ್ತೆ. ಮುನ್ನೂರು ವರ್ಷದಿಂದ ದೇವ್ರು ಆರಿಸ್ಕೊಂಡ ಮನೆ ಅದು. ಕೋರ್ಟು, ಜೈಲು ಅಂತಾದ್ರೆ ದೇವ್ರ ಮರ್ಯಾದೆ ಏನಾಗ್ಬೇಕು?"

ಗಿರಿಜಾಂಬಾ ದಿಂಬಿನಿಂದ ಮುಖ ಸ್ವಲ್ಪ ಎತ್ತಿದರು. "ದೇವ್ರಿಗೆ ಎಲ್ರೂ ಒಂದೇ ವಿಶ್ವನಾಥಣ್ಣ. ಆ ಹುಡ್ಗನೂ ಅವನ್ದೇ. ನಮ್ಮನ್ನ ಹಿಡ್ಕೊಂಡಿದ್ದು ನಾವು ಬೇರೆಯೋರಿಗಿಂತ ಚೆಂದ ಅಂತಲ್ಲ. ತಪ್ಪಾದ್ರೆ ಮೊದ್ಲು ಯಾರ ಬಾಗ್ಲು ಬಡೀಬೇಕು ಅಂತ ಊರಿಗೆ ಗೊತ್ತಿರ್ಲಿ ಅಂತ."

ವಿಶ್ವನಾಥ್ ಅವರಿಗೆ ಅದು ಅರ್ಥವಾಯಿತೋ ಇಲ್ಲವೋ, ಬೆವರು ಒರೆಸಿಕೊಂಡು ಹೊರಗೆ ಹೋದರು. ನನಗೆ ಅರ್ಥವಾಗಿತ್ತು. "ಗಿರಿಜಕ್ಕ, ಒಂದ್ಸಲ ಯೋಚ್ನೆ ಮಾಡಿ. ಅಸದಿಗೆ ಹೆಚ್ಚುಕಮ್ಮಿ ಆದ್ರೆ ಕೊಲೆ ಕೇಸಾಗುತ್ತೆ. ಇರೋನು ಒಬ್ನೇ ಮಗ" ಎಂದೆ. ನನಗೇ ಆಶ್ಚರ್ಯ, ಅಷ್ಟು ಕೂಗಾಡುವ ನಾನೇ ಆ ಮಾತು ಹೇಳಿದೆ.

"ಒಬ್ನೇ ಅಂತಾನೇ" ಎಂದರು ಅವರು.

ಸಬ್ ಇನ್ಸ್‌ಪೆಕ್ಟರ್ ಒಬ್ಬ ಹೆಣ್ಣುಮಗಳು. ಕುರ್ಚಿ ಎಳೆದುಕೊಂಡು ಹತ್ತಿರ ಕೂತು, ಯಾರು ಯಾರು ಇದ್ದರು ಎಂದು ಮೆತ್ತಗೆ ಕೇಳಿದರು. ಬಾಗಿಲಲ್ಲಿ ಹಬೀಬಣ್ಣ, ಅವರ ಹಿಂದೆ ಕಾರಿಡಾರಿನಲ್ಲಿ ನಮ್ಮೂರಿನವರು ನಿಂತಿದ್ದರು. ಶಶಿಕಿರಣ್ ಬೆಂಚಿನ ತುದಿಯಲ್ಲಿ ಕೂತಿದ್ದ. ಶಾಲು ಇರಲಿಲ್ಲ. ಅಂಗಿಯ ತೋಳಿನ ಮೇಲೆ ಅಮ್ಮನ ರಕ್ತ ಒಣಗಿತ್ತು. ಬೆಳಗಿನಿಂದ ಅವನು ಒಂದು ಲೋಟ ನೀರನ್ನೂ ಮುಟ್ಟಿರಲಿಲ್ಲ.

"ಮೊದ್ಲು ನನ್ನ ಮಗನ ಹೆಸ್ರು ಬರ್ಕೊಳ್ಳಿ ಮೇಡಂ. ಶಶಿಕಿರಣ್, ಮಲ್ಲಿಕಾರ್ಜುನಪ್ಪನ ಮಗ. ಬೆತ್ತ ತರೋಕೆ ಮುಂಚೆ ಅವನೂ ಆ ಹುಡ್ಗನಿಗೆ ಹೊಡ್ದಿರ್ತಾನೆ, ಕೇಳಿ, ಸುಳ್ಳು ಹೇಳಲ್ಲ. ಆಮೇಲೆ ಉಳಿದೋರ್ದು ಹೇಳ್ತೀನಿ."

ಕಾರಿಡಾರಿನಲ್ಲಿ ಶಶಿಕಿರಣ್ ತಾನಾಗಿಯೇ ಎದ್ದು ನಿಂತ. ಗಿರಿಜಾಂಬಾ ಒಬ್ಬೊಬ್ಬರ ಹೆಸರನ್ನೂ ಹೇಳಿದರು, ಕುಮಾರನದ್ದು, ವಿಶ್ವನಾಥರದ್ದು, ಯಾರನ್ನೂ ಬಿಡಲಿಲ್ಲ. ಹೇಳುತ್ತಾ ಹೋದಂತೆ ಬಾಗಿಲ ಹೊರಗಿನ ಗುಂಪು ಕರಗುತ್ತಾ ಬಂತು. ಹಬೀಬಣ್ಣ ಮತ್ತು ಶಶಿಕಿರಣ್ ಇಬ್ಬರೇ ಉಳಿದರು. ಪೇದೆಯೊಬ್ಬ ಹೋಗಿ ಶಶಿಕಿರಣನ ತೋಳು ಹಿಡಿದ. ಆಗ ಗಿರಿಜಾಂಬಾ ಅಷ್ಟು ಹೊತ್ತು ಬಿಗಿಹಿಡಿದದ್ದು ಒಡೆಯಿತು. ಹೊಲಿಗೆ ಎಳೆಯುತ್ತಿದ್ದರೂ ಮೊಣಕೈ ಊರಿ ಏಳಲು ನೋಡಿದರು, ನಾನು ಭುಜ ಹಿಡಿದೆ.

"ಮೇಡಂ, ಅವ್ನು ಬೆಳಿಗ್ಗೆಯಿಂದ ಎಂಥದೂ ತಿಂದಿಲ್ಲ" ಎಂದರು. "ಜೀಪ್ ಹತ್ಸೋಕೆ ಮುಂಚೆ ಎರಡು ಇಡ್ಲಿ ಕೊಡ್ಸಿ."